ಹೆರಿಗೆ ಮಾಡಿಸಿದೋಳ ಹೆಸರು ರಿಜಿಸ್ಟರಲ್ಲಿ ಯಾಕಿಲ್ಲ?

ಸಂಪಾದಕರಿಗೆ ನಮಸ್ಕಾರ,

ಮೇ 12ಕ್ಕೆ ನಿಮ್ಮ ಪತ್ರಿಕೇಲಿ ದಾದಿಯರ ದಿನದ ಫೋಟೋ ಬಂದಿತ್ತು, ಹುಡುಗೀರೆಲ್ಲ ಬಿಳಿ ಡ್ರೆಸ್ ಹಾಕ್ಕೊಂಡು ಸಾಲಾಗಿ ಮೇಣದಬತ್ತಿ ಹಿಡ್ಕೊಂಡು ನಿಂತಿದ್ರು, ನೋಡಕ್ಕೆ ಚೆನ್ನಾಗಿತ್ತು. ಅದಕ್ಕೆ ಒಂದು ವಾರ ಮುಂಚೆ ಮೇ 5ಕ್ಕೆ ಅಂತಾರಾಷ್ಟ್ರೀಯ ಸೂಲಗಿತ್ತಿಯರ ದಿನ ಅಂತ ಒಂದು ಬರುತ್ತೆ, ಅದು ನಿಮಗೂ ನೆನಪಾಗ್ಲಿಲ್ಲ, ನಮ್ಮ ಇಲಾಖೆಯೋರಿಗೂ ನೆನಪಾಗ್ಲಿಲ್ಲ, ನಿಜ ಹೇಳ್ಬೇಕು ಅಂದ್ರೆ 37 ವರ್ಷ ಇದೇ ಇಲಾಖೇಲಿ ದುಡಿದ ನನಗೂ ನೆನಪಿರ್ಲಿಲ್ಲ, ನನ್ನ ತಂಗಿ ಮಗಳು ವಾಟ್ಸಾಪ್ ಸ್ಟೇಟಸ್ ಹಾಕಿದ್ದು ನೋಡಿ ಗೊತ್ತಾಯ್ತು. ಆ ಹುಡುಗಿ ವಿಷ್ಯಕ್ಕೇ ಈ ಪತ್ರ ಬರೀತಿರೋದು. ಉದ್ದ ಆಗುತ್ತೆ, ಕತ್ತರಿಸೋದಾದ್ರೆ ನನ್ನ ಪುರಾಣ ಇರೋ ಕಡೆ ಕತ್ತರಿಸಿ, ಅವಳ ವಿಷ್ಯ ಮಾತ್ರ ಬಿಡಬೇಡಿ.

ನಾನು ಮಧುಗಿರಿ ಕಡೆಯೋಳು. 1986ರಲ್ಲಿ ಎಎನ್ಎಂ, ಅಂದ್ರೆ ಹಳ್ಳಿ ಸಬ್ ಸೆಂಟರಿನ (ಆರೋಗ್ಯ ಉಪಕೇಂದ್ರದ) ನರ್ಸಮ್ಮ ಅಂತ ಸೇರಿ 2023ರಲ್ಲಿ ಎಲ್‌ಎಚ್‌ವಿ, ಅಂದ್ರೆ ಎಎನ್ಎಂಗಳ ಮೇಲ್ವಿಚಾರಕಿ ಆಗಿ ರಿಟೈರ್ ಆದೆ. ತಂಗಿ ಮಗಳು ಪಿಯುಸಿ ಆದ್ಮೇಲೆ ನನ್ನ ನೋಡೇ ಜಿಎನ್ಎಂ ಅನ್ನೋ ನರ್ಸಿಂಗ್ ಡಿಪ್ಲೊಮಾಗೆ ಸೇರಿದ್ಲು, ನಾನೇ ಸೇರಿಸ್ದೆ ಅಂತಾನೂ ಹೇಳಬಹುದು, ಅದಕ್ಕೆ ಈಗ ಹೊಟ್ಟೇಲಿ ಸಂಕಟ. ಮೂರು ವರ್ಷದ ಕೋರ್ಸು, ಫೀಸು ಹಾಸ್ಟೆಲ್ಲು ಯೂನಿಫಾರಂ ಎಲ್ಲ ಸೇರಿ ಮೂರೂವರೆ ಲಕ್ಷದ ಹತ್ತಿರ ಹೋಯ್ತು, ತಂಗಿ ಗಂಡ ಎರಡು ಎಮ್ಮೆ ಮಾರಿ ಸೊಸೈಟಿ ಸಾಲ ಮಾಡ್ದ. ಪಾಸಾಗಿ ನರ್ಸಿಂಗ್ ಕೌನ್ಸಿಲ್ಲಿಂದ ರಿಜಿಸ್ಟ್ರೇಷನ್ ನಂಬರ್ ಬಂದ ದಿನ ಫೋನ್ ಮಾಡಿ 'ದೊಡ್ಡಮ್ಮ, ನಾನೀಗ ಆರ್‌ಎನ್ ಆರ್‌ಎಂ' ಅಂದ್ಲು. ಆರ್‌ಎನ್ ಅಂದ್ರೆ ರಿಜಿಸ್ಟರ್ಡ್ ನರ್ಸ್, ಆರ್‌ಎಂ ಅಂದ್ರೆ ರಿಜಿಸ್ಟರ್ಡ್ ಮಿಡ್‌ವೈಫ್, ಓದಿ ಪಾಸಾದ ಸೂಲಗಿತ್ತಿ. ಈ ಎರಡನೇ ಅರ್ಧ ಇದ್ಯಲ್ಲ ಸ್ವಾಮಿ, ಅದು ಆ ಕಾಗದದ ಮೇಲೆ ಬಿಟ್ರೆ ಬೇರೆಲ್ಲೂ ಇಲ್ಲ. ಸಂಬಳದ ಚೀಟೀಲಿ ಇಲ್ಲ, ಹುದ್ದೆ ಹೆಸರಲ್ಲಿ ಇಲ್ಲ, ಬಡ್ತೀಲಿ ಇಲ್ಲ.

ಜಿಲ್ಲಾ ಕೇಂದ್ರದಲ್ಲಿ ಒಂದು ನರ್ಸಿಂಗ್ ಹೋಂಗೆ ಸೇರಿದ್ಲು, ಹೆಸರು ಬೇಡ, ನಲವತ್ತು ಬೆಡ್ಡಿಂದು, ಹೆರಿಗೆಗೇ ಹೆಸರು ಮಾಡಿರೋದು. ಸಂಬಳ 11,000. ಪಿಜಿಗೆ 4,500 ಕೊಟ್ಟು ಬಸ್ಸು ಮೊಬೈಲು ಎಲ್ಲ ಕಳೆದ್ರೆ ಮನೆಗೆ ಕಳ್ಸಕ್ಕೆ ಏನೂ ಉಳಿಯಲ್ಲ, ಹಬ್ಬಕ್ಕೆ ಬಂದಾಗ ವಾಪಸ್ ಹೋಗಕ್ಕೆ ಅವರಪ್ಪನ ಹತ್ರಾನೇ ಇಸ್ಕೊಂಡು ಹೋಗ್ತಾಳೆ. ಸೇರೋವಾಗ ಒರಿಜಿನಲ್ ಮಾರ್ಕ್ಸ್ ಕಾರ್ಡು, ಕೌನ್ಸಿಲ್ ಸರ್ಟಿಫಿಕೇಟು ಎಲ್ಲ ಇಸ್ಕೊಂಡು ಬೀರುವಲ್ಲಿ ಇಟ್ಕೊಂಡಿದ್ದಾರೆ, ಎರಡು ವರ್ಷ ಬಿಟ್ಟು ಹೋಗಂಗಿಲ್ಲ ಅಂತ ನೂರು ರೂಪಾಯಿ ಛಾಪಾ ಕಾಗದದ ಮೇಲೆ ಸೈನ್ ಹಾಕಿಸ್ಕೊಂಡಿದ್ದಾರೆ. ಇದೇನು ಅಪರೂಪದ ಕಥೆ ಅಲ್ಲ, ಅವಳ ಬ್ಯಾಚಿನ ಹುಡುಗೀರದ್ದೆಲ್ಲ ಸಾವಿರ ಹೆಚ್ಚು ಸಾವಿರ ಕಮ್ಮಿ ಇದೇ ಕಥೆ. ಕೆಲವರು ಸೀರೆ ಅಂಗಡೀಲಿ ಸೇಲ್ಸಿಗೆ ನಿಂತ್ಕೊಂಡಿದ್ದಾರೆ, ಅಲ್ಲಿ ಹದಿಮೂರು ಸಾವಿರ ಕೊಡ್ತಾರಂತೆ, ಮೇಲೆ ದೀಪಾವಳಿಗೆ ಸೀರೆ, ನೈಟ್ ಡ್ಯೂಟಿನೂ ಇಲ್ಲ.

ನಾನು ಸುಮ್ನೆ ಬಾಯಿಗೆ ಬಂದಂಗೆ ಹೇಳ್ತಿಲ್ಲ. 2016ರ ಜನವರೀಲಿ ಸುಪ್ರೀಂ ಕೋರ್ಟು ಪ್ರೈವೇಟ್ ಆಸ್ಪತ್ರೆ ನರ್ಸುಗಳ ಸಂಬಳದ ಬಗ್ಗೆ ಒಂದು ಕಮಿಟಿ ಮಾಡಿ ಅಂತ ಕೇಂದ್ರಕ್ಕೆ ಹೇಳ್ತು, ಕಮಿಟಿ ಅದೇ ವರ್ಷ ವರದಿನೂ ಕೊಡ್ತು. ಇನ್ನೂರು ಬೆಡ್ಡಿಗಿಂತ ದೊಡ್ಡ ಆಸ್ಪತ್ರೆ ಆದ್ರೆ ರಾಜ್ಯ ಸರ್ಕಾರಿ ನರ್ಸಿನಷ್ಟೇ ಕೊಡ್ಬೇಕು, ನೂರರಿಂದ ಇನ್ನೂರು ಇದ್ರೆ ಅದಕ್ಕಿಂತ ಶೇ 10ಕ್ಕಿಂತ ಹೆಚ್ಚು ಕಡಿಮೆ ಆಗಂಗಿಲ್ಲ, ಐವತ್ತರಿಂದ ನೂರಕ್ಕೆ ಶೇ 25ರವರೆಗೆ ಕಡಿಮೆ ಆಗಬಹುದು, ಐವತ್ತಕ್ಕಿಂತ ಚಿಕ್ಕದಾದ್ರೂ 20,000ಕ್ಕೆ ಕಡಿಮೆ ಕೊಡಂಗೇ ಇಲ್ಲ ಅಂತ. ನಮ್ಮ ಹುಡುಗಿ ಇರೋದು ಈ ಕೊನೇ ಸಾಲಲ್ಲಿ. ಅದು 2016ರ 20,000, ಆವಾಗ ಅಡುಗೆ ಎಣ್ಣೆ ಎಷ್ಟಿತ್ತು ಈಗ ಎಷ್ಟಿದೆ ನೀವೇ ಲೆಕ್ಕ ಹಾಕಿ. ಪಕ್ಕದ ಕೇರಳದಲ್ಲಿ ನರ್ಸುಗಳು ಬೀದಿಗಿಳಿದು ಕೂತ್ಕೊಂಡ್ರು, 2018ರ ಏಪ್ರಿಲ್‌ನಲ್ಲಿ ಅಲ್ಲಿನ ಸರ್ಕಾರ 20,000 ಕನಿಷ್ಠ ಅಂತ ಆರ್ಡರ್ ಮಾಡ್ತು. ನಮ್ಮಲ್ಲಿ ಹುಡುಗೀರು ಬೀದಿಗಿಳಿಯಲ್ಲ, ಯಾಕಂದ್ರೆ ಮಾರ್ಕ್ಸ್ ಕಾರ್ಡು ಬೀರುವಲ್ಲಿದೆ. 2024ರ ಆಗಸ್ಟಿಂದ ಏಳನೇ ವೇತನ ಆಯೋಗ ಜಾರಿ ಆದ್ಮೇಲೆ ನಮ್ಮ ರಾಜ್ಯ ಸರ್ಕಾರದಲ್ಲಿ ಎಲ್ಲಕ್ಕಿಂತ ಕೆಳಗಿನ ಹುದ್ದೆಗೂ ಮೂಲ ವೇತನ 27,000, ಅದು ಬರ್ಲಿ ಬಿಡಿ, ಅವರೂ ಬದುಕ್ಬೇಕು, ಆದ್ರೆ ಎರಡು ಜೀವ ಕೈಯಲ್ಲಿ ಹಿಡ್ಕೊಂಡು ನಿಂತಿರೋಳಿಗೆ ಅದರ ಅರ್ಧಾನೂ ಇಲ್ಲ ಅಂದ್ರೆ ಹೆಂಗೆ.

ಸಂಬಳದ್ದು ಎಲ್ಲರೂ ಹೇಳ್ತಾರೆ, ನನ್ನ ತಲೆ ತಿಂತಿರೋದು ಇನ್ನೊಂದು ವಿಷ್ಯ. ಹೋದ ಶ್ರಾವಣದಲ್ಲಿ ಇವಳು ಊರಿಗೆ ಬಂದಿದ್ಲು, ರಾತ್ರಿ ಊಟ ಆದ್ಮೇಲೆ ಜಗಲಿ ಮೇಲೆ ಕೂತಾಗ ಹಿಂದಿನ ವಾರದ ಒಂದು ಹೆರಿಗೆ ಬಗ್ಗೆ ಹೇಳಿದ್ಲು. ಚೊಚ್ಚಲು ಬಸುರಿ, ರಾತ್ರಿ ಎಂಟಕ್ಕೆ ಅಡ್ಮಿಟ್ ಆದಾಗ ಗರ್ಭದ ಬಾಯಿ ನಾಲ್ಕು ಸೆಂಟಿಮೀಟರ್ ತೆರೆದಿತ್ತು. ಲೇಬರ್ ರೂಮಲ್ಲಿ ಇವಳೊಬ್ಳೇ, ಜೊತೆಗೆ ಒಬ್ಬ ಆಯಾ. ಇವಳು ಹೆರಿಗೆ ಹೆಂಗೆ ಸಾಗ್ತಿದೆ ಅಂತ ಗುರುತು ಹಾಕೋ ಪಾರ್ಟೋಗ್ರಾಫ್ ಹಾಳೆ ಇಟ್ಕೊಂಡು ಅರ್ಧ ಗಂಟೆಗೊಮ್ಮೆ ಮಗೂದು ಹೃದಯ ಬಡಿತ ಕೇಳಿ ಚುಕ್ಕಿ ಇಟ್ಕೊಂಡು ಹೋಗಿದ್ದಾಳೆ. ಇಲ್ಲಿ ಒಂದು ಗುಟ್ಟು ಹೇಳ್ತೀನಿ, ಬೇಜಾರಾಗ್ಬೇಡಿ, ಎಷ್ಟೋ ಕಡೆ ಪಾರ್ಟೋಗ್ರಾಫ್ ಬರಿಯೋದು ಹೆರಿಗೆ ಆದ್ಮೇಲೆ, ಫೈಲಿಗೆ ಬೇಕಲ್ಲ ಅಂತ, ಚುಕ್ಕಿ ಎಲ್ಲ ನೀಟಾಗಿ ಗೆರೆ ಮೇಲೇ ಕೂತಿರುತ್ತೆ, ಹಂಗೆ ಕೂತಿದ್ರೆ ಸುಳ್ಳು ಅಂತ ನಮಗೆ ನೋಡಿದ ತಕ್ಷಣ ಗೊತ್ತಾಗುತ್ತೆ. ಇವಳದ್ದು ಹಂಗಲ್ಲ, ಅಂಕುಡೊಂಕು ಇತ್ತು ಅಂತ ಅವಳೇ ಹೇಳಿದ್ಲು. ಎರಡು ಗಂಟೆ ರಾತ್ರೀಲಿ ಆ ಹೆಣ್ಮಗಳು ಇನ್ನಾಗಲ್ಲ ನನ್ನ ಕುಯ್ದುಬಿಡಿ ಅಂತ ಕೂಗಾಡಕ್ಕೆ ಶುರು ಮಾಡಿದಾಗ ಇವಳು ಸೊಂಟ ನೀವ್ಕೊಂಡು, ಎಡ ಮಗ್ಗುಲಿಗೆ ತಿರುಗಿಸ್ಕೊಂಡು, ಸ್ವಲ್ಪ ನಡೆಸಿ, ನೀರು ಕುಡಿಸಿ, ಕಾಲು ಹಿಡ್ಕೊಂಡು ಕೂತಿದ್ದಾಳೆ. ನಾಲ್ಕು ಹತ್ತಕ್ಕೆ ಮಗು ಬಂತು, ಕೊರಳಿಗೆ ಹೊಕ್ಕುಳ ಹುರಿ ಒಂದು ಸುತ್ತು ಸಡಿಲವಾಗಿ ಸುತ್ಕೊಂಡಿತ್ತಂತೆ, ಬೆರಳಲ್ಲಿ ಎತ್ತಿ ತಲೆ ಮೇಲಿಂದ ದಾಟಿಸಿದ್ದಾಳೆ, ಒಂದು ನಿಮಿಷದೊಳಗೆ ರಕ್ತಸ್ರಾವ ತಡೆಯೋ ಆಕ್ಸಿಟೋಸಿನ್ 10 ಯೂನಿಟ್ ಹಾಕಿದ್ದಾಳೆ, ಕಸ, ಅಂದ್ರೆ ಮಾಸು, ಪೂರ್ತಿ ಬಂತಾ ಅಂತ ಅಂಗೈ ಮೇಲೆ ಹರಡ್ಕೊಂಡು ನೋಡಿದ್ದಾಳೆ, ಒಂದೇ ಒಂದು ಹೊಲಿಗೆನೂ ಬೀಳ್ಲಿಲ್ಲ. ಚೊಚ್ಚಲಲ್ಲಿ ಹೊಲಿಗೆ ಇಲ್ದೆ ಹೆರಿಗೆ ಮಾಡಿಸೋದು ಅಂದ್ರೆ ಏನು ಅಂತ ಈ ಕೆಲ್ಸ ಮಾಡಿದೋರಿಗೆ ಗೊತ್ತು. ಡಾಕ್ಟ್ರು ಬಂದಿದ್ದು ಐದೂಕಾಲಿಗೆ, ಅವರ ತಪ್ಪು ಅಂತ ನಾನು ಹೇಳಲ್ಲ, ಸಹಜ ಹೆರಿಗೆಗೆ ಅವರು ಓಡಿ ಬರೋ ಅಗತ್ಯಾನೂ ಇರ್ಲಿಲ್ಲ.

'ಆಮೇಲೆ ರಿಜಿಸ್ಟರ್ ಬರಿಯೋವಾಗ ಹೆರಿಗೆ ಮಾಡಿಸಿದವರು ಅನ್ನೋ ಕಾಲಮ್ಮಲ್ಲಿ ಡಾಕ್ಟ್ರ ಹೆಸರು ಹಾಕ್ಸಿದ್ರು ದೊಡ್ಡಮ್ಮ' ಅಂದ್ಲು. 'ನಿನ್ನ ಹೆಸರು?' ಅಂದೆ. 'ಅಸಿಸ್ಟೆಡ್ ಬೈ ಅಂತಾನೂ ಇಲ್ಲ, ಡ್ಯೂಟಿ ಸ್ಟಾಫ್ ಅಂತ.' ನನಗೆ ಆ ರಾತ್ರಿ ನಿದ್ದೆ ಬರ್ಲಿಲ್ಲ ನೋಡಿ. ಬಿಲ್ಲಲ್ಲಿ ಡೆಲಿವರಿ ಚಾರ್ಜ್ ಅಂತ ಬರಿಯಕ್ಕೆ ಡಾಕ್ಟ್ರ ಹೆಸರು ಬೇಕು ಸರಿ, ಅದರಲ್ಲಿ ಇವಳಿಗೆ ಪಾಲು ಕೊಡಿ ಅಂತ ಯಾರೂ ಕೇಳ್ತಿಲ್ಲ. ಆದ್ರೆ ಅಲ್ಲಿ ಹೆಸರಿಲ್ಲ ಅಂದ್ರೆ ಮುಂದೆ ಅನುಭವದ ಸರ್ಟಿಫಿಕೇಟು ಕೇಳಿದಾಗ ಏನಂತ ಬರ್ಕೊಡ್ತಾರೆ? ಇವಳಿಗಿಂತ ಮುಂಚೆ ಬಿಟ್ಟು ಹೋದ ಹುಡುಗಿಗೆ ಕೊಟ್ಟಿದ್ದು ನಾನೇ ಕಣ್ಣಾರೆ ನೋಡ್ದೆ, ಸ್ಟಾಫ್ ನರ್ಸ್, ಜನರಲ್ ವಾರ್ಡ್, ಎರಡು ವರ್ಷ, ನಡತೆ ತೃಪ್ತಿಕರ. ಆ ಹುಡುಗಿ ಆ ಎರಡು ವರ್ಷದಲ್ಲಿ ಎಷ್ಟು ಹೆರಿಗೆ ಮಾಡಿಸಿದ್ದಾಳೋ ಅದಕ್ಕೆ ಪುರಾವೇನೇ ಇಲ್ಲ.

ಇದು ಯಾಕೆ ಮುಖ್ಯ ಅಂದ್ರೆ, 2018ರ ಡಿಸೆಂಬರಲ್ಲಿ ಕೇಂದ್ರ ಸರ್ಕಾರ ಮಿಡ್‌ವೈಫರಿ ಸೇವೆಗಳ ಮಾರ್ಗಸೂಚಿ ಅಂತ ಬಿಡುಗಡೆ ಮಾಡ್ತು. ನರ್ಸ್ ಪ್ರಾಕ್ಟೀಷನರ್ ಇನ್ ಮಿಡ್‌ವೈಫರಿ ಅಂತ 18 ತಿಂಗಳ ಕೋರ್ಸು, ಜಿಎನ್ಎಂ ಇಲ್ಲಾ ಬಿಎಸ್ಸಿ ನರ್ಸಿಂಗ್ ಆದೋರು ಹೆರಿಗೆ ಕೆಲ್ಸದ ಅನುಭವ ಇದ್ರೆ ಹೋಗಬಹುದು, ಮುಗಿಸಿ ಬಂದ್ಮೇಲೆ ತೊಂದರೆ ಇಲ್ಲದ ಸಹಜ ಹೆರಿಗೆಗಳನ್ನ ಅವರೇ ಸ್ವತಂತ್ರವಾಗಿ ನೋಡ್ಕೊಳ್ಳೋ ಘಟಕ ಆಸ್ಪತ್ರೆಗಳಲ್ಲಿ ಮಾಡ್ಬೇಕು ಅಂತ. ಪಕ್ಕದ ತೆಲಂಗಾಣದೋರು ಅದಕ್ಕಿಂತ ಒಂದು ವರ್ಷ ಮುಂಚೆ 2017ರಲ್ಲೇ ಕರೀಂನಗರದಲ್ಲಿ ಇಂಥ ಟ್ರೈನಿಂಗ್ ಶುರು ಮಾಡಿದ್ರು. ಓದಿದಾಗ ಖುಷಿಯಾಯ್ತು, ಕೊನೆಗೂ ಈ ಕೆಲ್ಸಕ್ಕೇ ಒಂದು ಮೆಟ್ಟಲು ಬಂತಲ್ಲ ಅಂತ. ಆದ್ರೆ ಮೆಟ್ಟಲು ಹತ್ತೋಕೆ ಹೆರಿಗೆ ಅನುಭವ ಬೇಕು, ಅನುಭವ ಇದೆ, ಕಾಗದದಲ್ಲಿ ಇಲ್ಲ.

ಆ ಮಾರ್ಗಸೂಚಿ ಬಂದ ತಿಂಗಳೇ, 2018ರ ಡಿಸೆಂಬರ್ 25ಕ್ಕೆ, ನಮ್ಮ ಪಾವಗಡದ ಸೂಲಗಿತ್ತಿ ನರಸಮ್ಮ ತೀರಿಕೊಂಡ್ರು. ಅದೇ ವರ್ಷ ಪದ್ಮಶ್ರೀ ಬಂದಿತ್ತು, ಅದಕ್ಕೂ ಮುಂಚೆ ತುಮಕೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತ್ತು. ಹದಿನೈದು ಸಾವಿರ ಹೆರಿಗೆ ಒಂದು ಪೈಸೆ ಇಸ್ಕೊಳ್ದೆ ಮಾಡಿಸಿದ ತಾಯಿ, ನಮ್ಮ ಜಿಲ್ಲೆಗೇ ಹೆಮ್ಮೆ, ಎರಡು ಮಾತಿಲ್ಲ. ಆದ್ರೆ ನನಗೊಂದು ಅನುಮಾನ ಕಾಡುತ್ತೆ, ದುಡ್ಡಿಲ್ದೆ ಮಾಡಿದ್ರೆ ನಾವು ಕೈಮುಗೀತೀವಿ, ಅದೇ ಕೆಲ್ಸ ಓದಿ ಪಾಸಾಗಿ ರಿಜಿಸ್ಟರ್ ಆಗಿ ಸಂಬಳ ಕೇಳಿದ್ರೆ 'ಸೇವಾ ಮನೋಭಾವ ಇರ್ಬೇಕಮ್ಮ' ಅಂತೀವಿ. ಈ ಸೇವೆ ಅನ್ನೋ ಪದ ಡಾಕ್ಟ್ರ ಫೀಸು ಹತ್ರ ಯಾಕೆ ಸುಳಿಯಲ್ಲ?

ಈಗ ನನ್ನ ಪುರಾಣ. ನಮ್ಮ ಕಾಲಕ್ಕೆ ಹತ್ತನೇ ಕ್ಲಾಸ್ ಆದ್ಮೇಲೆ 18 ತಿಂಗಳು ಎಎನ್ಎಂ ಟ್ರೈನಿಂಗು. ನನಗಿಂತ ಹಿಂದೆ ಆ ಊರಲ್ಲಿದ್ದೋರನ್ನ ಜನ ಮಿಡ್‌ವೈಫಮ್ಮ ಅಂತಾನೇ ಕರೀತಿದ್ರು, ನನ್ನ ಹೊತ್ತಿಗೆ ಅದು ಸಿಸ್ಟರ್ ಆಯ್ತು, ಹೆಸರು ಬದಲಾಗಿದ್ದು ಸುಮ್ನೆ ಅಲ್ಲ. 1973ರಲ್ಲಿ ಕರ್ತಾರ್ ಸಿಂಗ್ ಕಮಿಟಿ ಅಂತ ಬಂದು ಒಬ್ಬೊಬ್ಬರೂ ಎಲ್ಲ ಕೆಲ್ಸ ಮಾಡ್ಬೇಕು ಅಂತ ಹೇಳಿದ್ಮೇಲೆ ಎಎನ್ಎಂಗಳು ಮಿಡ್‌ವೈಫ್ ಆಗಿ ಉಳೀಲಿಲ್ಲ, ಐದು ಸಾವಿರ ಜನಸಂಖ್ಯೆಗೆ ಒಬ್ಳು, ಮಲೇರಿಯಾ ರಕ್ತ ಲೇಪನ, ಲಸಿಕೆ, ಕುಟುಂಬ ಯೋಜನೆ, ಸರ್ವೆ, ಎಲ್ಲಾನೂ. ನಾನು ಸೇರಿದಾಗ ಮೀಟಿಂಗಲ್ಲಿ ಕೇಳ್ತಿದ್ದಿದ್ದು ಒಂದೇ, ಸಂತಾನಹರಣ ಆಪರೇಷನ್ ಕೇಸ್ ಎಷ್ಟು ತಂದೆ ಅಂತ. ಲ್ಯಾಪ್ರೋಸ್ಕೋಪಿ ಕ್ಯಾಂಪಿಗೆ ಟಾರ್ಗೆಟ್ ಆಗ್ಲಿಲ್ಲ ಅಂದ್ರೆ ಸಂಬಳ ತಡೀತಿದ್ರು, ಎಷ್ಟು ಹೆರಿಗೆ ಸುಸೂತ್ರವಾಗಿ ಮಾಡಿಸ್ದೆ ಅಂತ ಒಬ್ಬ ಸಾಹೇಬ್ರೂ ಕೇಳಿದ್ದಿಲ್ಲ. 1996ರಲ್ಲಿ ಟಾರ್ಗೆಟ್ ತೆಗೆದ್ರು ಅಂತ ಆರ್ಡರ್ ಬಂತು, ಕೇಳೋದು ಏನೂ ನಿಲ್ಲಲಿಲ್ಲ.

ಆದ್ರೂ ಹೆರಿಗೆ ಬಿಟ್ಟಿರ್ಲಿಲ್ಲ. ಕರೆಂಟಿಲ್ಲದ ರಾತ್ರಿ ಎತ್ತಿನ ಗಾಡೀಲಿ ಹೋಗಿ, ಲಾಟೀನು ಹಿಡ್ಕೊಂಡ ಅತ್ತೆ ಕೈ ನಡುಗ್ತಿದ್ರೆ ಅವಳಿಗೂ ಧೈರ್ಯ ಹೇಳ್ಕೊಂಡು ಮಾಡ್ಸಿದೀನಿ. 2005ರಲ್ಲಿ ಆಸ್ಪತ್ರೇಲಿ ಹೆತ್ತ ಬಡ ತಾಯಂದಿರಿಗೆ ದುಡ್ಡು ಕೊಡೋ ಜನನಿ ಸುರಕ್ಷಾ ಯೋಜನೆ ಬಂದ್ಮೇಲೆ ಎಲ್ಲರೂ ಆಸ್ಪತ್ರೆಗೆ ಹೋಗಕ್ಕೆ ಶುರು ಮಾಡಿದ್ರು, ಒಳ್ಳೇದೇ ಆಯ್ತು, ತಾಯಂದಿರು ಉಳ್ಕೊಂಡ್ರು. ನಮ್ಮ ರಾಜ್ಯದಲ್ಲಿ ಶೇ 97 ಹೆರಿಗೆ ಆಸ್ಪತ್ರೇಲೇ ಅಂತ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಐದನೇ ಸುತ್ತಲ್ಲಿ ಇದೆ. ಅದೇ ಸಮೀಕ್ಷೇಲಿ ಸಿಸೇರಿಯನ್ ಶೇ 31.5 ಅಂತಾನೂ ಇದೆ. ನೂರಕ್ಕೆ ಮೂವತ್ತೊಂದು ಜನಕ್ಕೆ ಕುಯ್ಯೋ ಅಗತ್ಯ ಇರುತ್ತಾ ಅನ್ನೋದನ್ನ ದೊಡ್ಡೋರು ಚರ್ಚೆ ಮಾಡ್ಲಿ, ನನಗೆ ಗೊತ್ತಿರೋದು ಇಷ್ಟೇ, ರಾತ್ರಿ ಎರಡು ಗಂಟೆಗೆ ಸೊಂಟ ನೀವ್ಕೊಂಡು ಕೂರೋಳು ಒಬ್ಳು ಪಕ್ಕದಲ್ಲಿದ್ರೆ 'ಕುಯ್ದುಬಿಡಿ' ಅಂತ ಕೂಗೋರಲ್ಲಿ ಸುಮಾರು ಜನ ಬೆಳಗಿನ ಜಾವಕ್ಕೆ ಮಗು ಎದೆ ಮೇಲೆ ಹಾಕ್ಕೊಂಡಿರ್ತಾರೆ.

ನನಗೆ ಬಡ್ತಿ ಸಿಕ್ಕಿದ್ದು 2009ರಲ್ಲಿ, ಸೇರಿ 23 ವರ್ಷಕ್ಕೆ. ಅದರ ಮಧ್ಯ ಹತ್ತು ವರ್ಷದ ಕಾಲಮಿತಿ ಬಡ್ತಿ, ಹದಿನೈದಕ್ಕೆ ಸ್ವಯಂಚಾಲಿತ ಬಡ್ತಿ ಅಂತ ಇನ್ಕ್ರಿಮೆಂಟ್ ಬಂತು, ಅದು ದುಡ್ಡು ಅಷ್ಟೇ, ಕೆಲ್ಸ ಅದೇ, ಕುರ್ಚಿ ಅದೇ. ಆರು ತಿಂಗಳು ಪ್ರಮೋಷನಲ್ ಟ್ರೈನಿಂಗ್ ಮುಗಿಸಿ ಎಲ್‌ಎಚ್‌ವಿ ಆದೆ, ಆರು ಸಬ್ ಸೆಂಟರ್ ರಿಜಿಸ್ಟರ್ ಚೆಕ್ ಮಾಡೋದು, ರಿಪೋರ್ಟ್ ಕ್ರೋಡೀಕರಿಸೋದು, ಮೀಟಿಂಗು. ನಾನು ಕೊನೇ ಹೆರಿಗೆ ಮಾಡಿಸಿದ್ದು ಬಡ್ತಿ ಆರ್ಡರ್ ಕೈಗೆ ಬರೋ ಹಿಂದಿನ ವಾರ. ಆಮೇಲೆ ಹದಿನಾಲ್ಕು ವರ್ಷ ಒಂದೇ ಒಂದು ಮಗೂನೂ ಕೈಯಲ್ಲಿ ಹಿಡೀಲಿಲ್ಲ. 23 ವರ್ಷ ಕಲಿತ ಕೈನ ತೆಗೆದು ಪೆನ್ನು ಹಿಡಿಸಿದ್ರು, ಅದನ್ನೇ ಬಡ್ತಿ ಅಂದ್ರು. ಜಿಎನ್ಎಂ ಆಗಿ ಆಸ್ಪತ್ರೆಗೆ ಸೇರೋರದ್ದೂ ಇದೇ ಹಾಡು, ಆರು ತಿಂಗಳು ಲೇಬರ್ ರೂಂ, ಆಮೇಲೆ ಸರ್ಜಿಕಲ್ ವಾರ್ಡು, ಆಮೇಲೆ ಕಣ್ಣಿನ ವಾರ್ಡು, ರೊಟೇಷನ್. ಮೇಲೆ ಹೋದಂಗೆಲ್ಲ ಸೂಪರಿಂಟೆಂಡೆಂಟು, ಇಂಡೆಂಟು, ಡ್ಯೂಟಿ ಚಾರ್ಟು. ಲೇಬರ್ ರೂಮಲ್ಲೇ ಇದ್ದು ಅಲ್ಲೇ ಪಳಗಿ ಅಲ್ಲೇ ಸಂಬಳ ಹೆಚ್ಚಾಗೋ ದಾರಿ ಒಂದೂ ಇಲ್ಲ. ಹೆರಿಗೆ ಕೆಲ್ಸ ಬಿಟ್ರೇನೇ ಮುಂದಕ್ಕೆ ಹೋಗಕ್ಕೆ ಆಗೋದು.

ಹುದ್ದೆಗೆ ಹೊಸ ಹೆಸರು ಕೊಡೋದ್ರಲ್ಲಿ ಮಾತ್ರ ನಮ್ಮ ಇಲಾಖೆ ಹಿಂದೆ ಬಿದ್ದಿಲ್ಲ. ಎಎನ್ಎಂ ಹೋಗಿ ಕಿರಿಯ ಮಹಿಳಾ ಆರೋಗ್ಯ ಸಹಾಯಕಿ, ಅದು ಹೋಗಿ ಈಗ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ. ಕೇಳಕ್ಕೆ ಗತ್ತಾಗಿದೆ, ನಮ್ಮೂರ ಅಜ್ಜಿಗೆ ಇದನ್ನ ಒಂದೇ ಉಸಿರಲ್ಲಿ ಹೇಳಕ್ಕೆ ಹೇಳಿ ನೋಡಣ. ಹೆರಿಗೆ, ಪ್ರಸೂತಿ ಅನ್ನೋ ಪದ ಎಲ್ಲಾದ್ರೂ ಇದ್ಯಾ ಆ ಹೆಸರಲ್ಲಿ? ಇನ್ನು ಎಎನ್ಎಂ ಮಾಡ್ಕೊಂಡ ಹುಡುಗಿ ಮುಂದೆ ಜಿಎನ್ಎಂ ಮಾಡ್ತೀನಿ ಅಂದ್ರೆ ಮತ್ತೆ ಮೊದಲ್ನೇ ವರ್ಷದಿಂದ ಮೂರು ವರ್ಷ ಓದ್ಬೇಕು, ಕಲಿತಿದ್ದಕ್ಕೆ ಒಂದು ದಿನದ ವಿನಾಯ್ತಿ ಇಲ್ಲ. ಸಮುದಾಯ ಆರೋಗ್ಯ ಅಧಿಕಾರಿ ಅಂತ ಸಬ್ ಸೆಂಟರಿಗೇ ಹೊಸ ಹುದ್ದೆ ಬಂತಲ್ಲ, ಅದೂ ಬಿಎಸ್ಸಿ ಜಿಎನ್ಎಂ ಆದೋರಿಗೆ, ಇಪ್ಪತ್ತು ವರ್ಷದಿಂದ ಅದೇ ಸಬ್ ಸೆಂಟರಲ್ಲಿ ಮಣ್ಣು ಹೊತ್ತ ಎಎನ್ಎಂಗೆ ಇಲ್ಲ.

ಗೌರ್ಮೆಂಟ್ ಕೆಲ್ಸಕ್ಕೇ ಹೋಗ್ಲಿ ಬಿಡಮ್ಮ ಅಂತ ನೀವು ಹೇಳಬಹುದು. ಕಾಯಂ ಹುದ್ದೆಗೆ ಕರೆಯೋದು ಯಾವ ಯುಗಕ್ಕೋ, ಕರೆಯೋದೆಲ್ಲ ಎನ್‌ಎಚ್‌ಎಂ, ಅಂದ್ರೆ ರಾಷ್ಟ್ರೀಯ ಆರೋಗ್ಯ ಅಭಿಯಾನದ ಗುತ್ತಿಗೆ. ನಮ್ಮ ಹುಡುಗಿ ಗೆಳತಿ ಒಬ್ಳು ಗುತ್ತಿಗೇಲಿ ಸೇರಿದ್ದಾಳೆ, ಕೈಗೆ ಹದಿನಾಲ್ಕು ಸಾವಿರ ಚಿಲ್ರೆ, ಅದೇ ಟೇಬಲ್ ಅದೇ ಶಿಫ್ಟು, ಪಕ್ಕದ ಕಾಯಂ ಸಿಸ್ಟರಿಗೆ ಅದರ ಮೂರರಷ್ಟು ಮೇಲೆ. ಪ್ರತಿ ವರ್ಷ ಮಾರ್ಚಿ ಕೊನೇಲಿ ಒಂದು ದಿನ ಬ್ರೇಕ್ ಕೊಟ್ಟು ಮತ್ತೆ ಆರ್ಡರು. ಕಾಯಂ ಮಾಡಿ ಅಂದ್ರೆ ಉಮಾದೇವಿ ಕೇಸ್ ಅಂತಾರೆ. 2006ರ ಸುಪ್ರೀಂ ಕೋರ್ಟ್ ತೀರ್ಪು ಅದು, ನಮ್ಮ ಕರ್ನಾಟಕದ್ದೇ ಕೇಸು, ಹಿಂಬಾಗಿಲಿಂದ ಬಂದೋರನ್ನ ಕಾಯಂ ಮಾಡಂಗಿಲ್ಲ ಅಂತ. ಆದ್ರೆ ಅದೇ ಸುಪ್ರೀಂ ಕೋರ್ಟು 2016ರ ಅಕ್ಟೋಬರಲ್ಲಿ ಜಗಜೀತ್ ಸಿಂಗ್ ಕೇಸಲ್ಲಿ ಸಮಾನ ಕೆಲ್ಸಕ್ಕೆ ಸಮಾನ ವೇತನ ತಾತ್ಕಾಲಿಕ ನೌಕರರಿಗೂ ಅನ್ವಯ ಅಂತ ಹೇಳಿದೆ, 2024ರ ಡಿಸೆಂಬರಲ್ಲಿ ಜಗ್ಗೋ ಕೇಸಲ್ಲಿ ಉಮಾದೇವಿ ತೀರ್ಪನ್ನ ವರ್ಷಾನುಗಟ್ಟಲೆ ದುಡಿದೋರ ವಿರುದ್ಧ ಗುರಾಣಿ ಮಾಡ್ಕೋಬೇಡಿ ಅಂತ ಬೈದಿದೆ. ನಮ್ಮ ಆಫೀಸಿನೋರಿಗೆ ಉಮಾದೇವಿ ಮಾತ್ರ ಬಾಯಿಪಾಠ, ಉಳಿದೆರಡು ತೀರ್ಪು ಇನ್ನೂ ಟಪಾಲಲ್ಲಿ ಬಂದಿಲ್ಲ ಅನ್ಸುತ್ತೆ.

ಇನ್ನೊಂದು ಪಕ್ಷದ ಮಾತೂ ಹೇಳ್ಬೇಕು, ಇಲ್ದಿದ್ರೆ ನ್ಯಾಯ ಅಲ್ಲ. ನನಗೆ ಪರಿಚಯದ ಡಾಕ್ಟ್ರೊಬ್ರು, ಒಳ್ಳೇ ಮನುಷ್ಯ, ಚಿಕ್ಕ ನರ್ಸಿಂಗ್ ಹೋಂ ಇಟ್ಟಿದ್ದಾರೆ, ಅವರು ಹೇಳಿದ್ರು, 'ಸಿಸ್ಟರ್, ಹೊಸಬರು ಬರ್ತಾರಲ್ಲ, ಅವರಿಗೆ ಒಳಗಡೆ ಪರೀಕ್ಷೆ ಮಾಡಿ ಎಷ್ಟು ಸೆಂಟಿಮೀಟರ್ ಅಂತ ಹೇಳಕ್ಕೂ ಬರಲ್ಲ, ನಾನೇ ಒಂದು ವರ್ಷ ಕಲಿಸ್ಬೇಕು, ಕಲಿತ ತಕ್ಷಣ ಬೆಂಗಳೂರಿಗೆ ಓಡ್ತಾರೆ, ಇಪ್ಪತ್ತು ಸಾವಿರ ಎಲ್ಲಿಂದ ಕೊಡ್ಲಿ.' ಅದು ಸುಳ್ಳಲ್ಲ. ಕಾಲೇಜು ಬೀದಿಗೊಂದು ಆಗಿವೆ, ಸ್ವಂತ ಆಸ್ಪತ್ರೆ ಇಲ್ದಿರೋವೂ ಇವೆ, ಮಕ್ಕಳನ್ನ ವ್ಯಾನಲ್ಲಿ ತುಂಬ್ಕೊಂಡು ಜಿಲ್ಲಾಸ್ಪತ್ರೆಗೆ ಪೋಸ್ಟಿಂಗಿಗೆ ಬಿಡ್ತಾರೆ, ಅಲ್ಲಿ ಒಂದು ಟೇಬಲ್ ಸುತ್ತ ಇಪ್ಪತ್ತು ಜನ, ಮುಂದೆ ಮೆಡಿಕಲ್ ಸ್ಟೂಡೆಂಟ್ಸು, ಅವರ ಹಿಂದೆ ಬಿಎಸ್ಸಿ, ಅವರ ಬೆನ್ನು ನೋಡ್ಕೊಂಡು ನಿಂತಿರೋರು ಜಿಎನ್ಎಂ. ಕೇಸ್ ಬುಕ್ಕಲ್ಲಿ ಇಷ್ಟು ಹೆರಿಗೆ ಮಾಡಿಸಿರ್ಬೇಕು ಅಂತ ಇರುತ್ತೆ, ಎಷ್ಟೋ ಜನ ಒಬ್ಬರದ್ದು ಒಬ್ರು ನೋಡ್ಕೊಂಡು ತುಂಬಿಸ್ತಾರೆ. ನಮ್ಮ ಹುಡುಗೀನೂ ಅರ್ಧ ಹಂಗೇ ತುಂಬಿಸಿದ್ದು, ಅವಳೇ ಒಪ್ಕೊಂಡ್ಲು. ಅವಳು ನಿಜವಾಗ್ಲೂ ಕಲಿತಿದ್ದು ಆ ನರ್ಸಿಂಗ್ ಹೋಮಿನ ಹಳೇ ಸಿಸ್ಟರೊಬ್ರ ಹತ್ರ, ಅವರಿಗೆ ಹದಿನೆಂಟು ವರ್ಷ ಸರ್ವಿಸು, ಸಂಬಳ ಹದಿನೇಳು ಸಾವಿರ. ವರ್ಷಕ್ಕೊಂದು ಸಾವಿರಾನೂ ಬೀಳ್ಲಿಲ್ಲ ಅವರ ಅನುಭವಕ್ಕೆ. ಈ ಹುಡುಗಿ ಅವರ ಮುಖ ನೋಡಿದಾಗೆಲ್ಲ ತನ್ನ ನಲವತ್ತನೇ ವಯಸ್ಸು ಕಾಣ್ಸುತ್ತಂತೆ.

ಅದಕ್ಕೆ ನಾನು ಹೇಳೋದು ಎಲ್ಲರಿಗೂ ಕಣ್ಣು ಮುಚ್ಚಿ ಸಂಬಳ ಏರಿಸಿ ಅಂತಲ್ಲ. ಮೊದಲ ವರ್ಷ 20,000, ಅದು ಕಮಿಟಿ ಹೇಳಿದ್ದು, ಅದಕ್ಕೆ ಕಮ್ಮಿ ಮಾತೇ ಬೇಡ. ಆ ವರ್ಷದಲ್ಲಿ ಅನುಭವಸ್ಥ ಸಿಸ್ಟರ್ ಕೈಕೆಳಗೆ ಇಷ್ಟು ಹೆರಿಗೆ ಅಂತ ಲೆಕ್ಕ ಇಟ್ಟು ಮಾಡಿಸ್ಲಿ, ವರ್ಷದ ಕೊನೇಲಿ ಹೊರಗಿನೋರು ಬಂದು ಕೈ ನೋಡ್ಲಿ, ಪಾಸಾದ್ರೆ ಸಂಬಳದಲ್ಲಿ ಒಂದು ಮೆಟ್ಟಲು ಮೇಲೆ, ಹುದ್ದೆ ಹೆಸರಲ್ಲಿ ಮಿಡ್‌ವೈಫ್ ಅಂತ ಇರ್ಲಿ. ಕಲಿಸಿದ ಆ ಹಳೇ ಸಿಸ್ಟರಿಗೂ ಕಲಿಸಿದ್ದಕ್ಕೆ ಭತ್ಯೆ ಕೊಡಿ. ಇದೇನು ನಾನು ಕನಸಲ್ಲಿ ಕಂಡಿದ್ದಲ್ಲ, ಇಂಗ್ಲೆಂಡಲ್ಲಿ ಸರ್ಕಾರಿ ಆಸ್ಪತ್ರೆಗೆ ಹೊಸದಾಗಿ ಸೇರಿದ ಮಿಡ್‌ವೈಫು ಬ್ಯಾಂಡ್ 5 ಅನ್ನೋ ಸಂಬಳದ ಮೆಟ್ಟಲಲ್ಲಿ ಶುರು ಮಾಡ್ತಾಳೆ, ಹಿರಿಯರ ಜೊತೆ ಕಲಿಯೋ ಅವಧಿ ಸುಮಾರು ಒಂದು ವರ್ಷ ಮುಗಿಸಿದ್ರೆ ಬ್ಯಾಂಡ್ 6ಕ್ಕೆ ಹೋಗ್ತಾಳೆ, 2024-25ರ ಲೆಕ್ಕದಲ್ಲಿ ವರ್ಷಕ್ಕೆ 29,970 ಪೌಂಡಿಂದ 37,338 ಪೌಂಡಿಗೆ. ಖಾಲಿ ಹುದ್ದೆ ಬರ್ಲಿ ಅಂತ ಕಾಯ್ಬೇಕಿಲ್ಲ, ಲೇಬರ್ ರೂಂ ಬಿಡ್ಬೇಕಿಲ್ಲ. ಅಲ್ಲಿನೋರಿಗೂ ಕಷ್ಟ ಇದೆ, ಸ್ಟಾಫ್ ಸಾಲ್ದು ಅಂತ ಅವರೂ ಗೋಳಾಡ್ತಾರೆ, ಅದು ಬೇರೆ ಕಥೆ. ತಮಾಷೆ ಅಂದ್ರೆ ನಮ್ಮ ಆರ್‌ಎನ್ ಆರ್‌ಎಂ ಹುಡುಗೀರು ಅಲ್ಲಿಗೆ ಹೋಗೋದು ನರ್ಸ್ ಆಗಿ, ಅಲ್ಲಿ ಮಿಡ್‌ವೈಫ್ ಆಗಕ್ಕೆ ಬೇರೇನೇ ಪರೀಕ್ಷೆ, ಅಲ್ಲಿ ಅದು ಬೇರೇನೇ ವೃತ್ತಿ.

2023ರಲ್ಲಿ ಸಂಸತ್ತು ರಾಷ್ಟ್ರೀಯ ನರ್ಸಿಂಗ್ ಮತ್ತು ಮಿಡ್‌ವೈಫರಿ ಆಯೋಗದ ಕಾಯ್ದೆ ಮಾಡ್ತು, 1947ರ ನರ್ಸಿಂಗ್ ಕೌನ್ಸಿಲ್ ಕಾಯ್ದೆ ಜಾಗಕ್ಕೆ. ಹಳೇ ಕಾಯ್ದೆ ಹೆಸರಲ್ಲಿ ನರ್ಸಿಂಗ್ ಮಾತ್ರ ಇತ್ತು, ಇದರಲ್ಲಿ ಮಿಡ್‌ವೈಫರಿನೂ ಸೇರ್ಕೊಂಡಿದೆ. ಹೆಸರು ಬಂತು ಅಂತ ಸಂತೋಷ, ಹುದ್ದೆ ಯಾವಾಗ ಬರುತ್ತೆ ಅಂತ ನಮ್ಮ ಆರೋಗ್ಯ ಇಲಾಖೆ ಹೇಳ್ಬೇಕು, ಜಿಲ್ಲಾಸ್ಪತ್ರೆಗೆ ಇಷ್ಟು, ತಾಲೂಕಾಸ್ಪತ್ರೆಗೆ ಇಷ್ಟು ಅಂತ ಮಂಜೂರಾಗದೆ ಯಾವ ಹುಡುಗಿ 18 ತಿಂಗಳು ಹೆಚ್ಚಿಗೆ ಓದ್ತಾಳೆ, ಓದಿದ್ರೂ ವಾಪಸ್ ಬಂದು ಕಣ್ಣಿನ ವಾರ್ಡಿಗೆ ಹಾಕಿದ್ರೆ ಏನ್ ಬಂತು.

ಹುದ್ದೆ, ಸಂಬಳ ಎಲ್ಲ ಫೈನಾನ್ಸ್ ಡಿಪಾರ್ಟ್‌ಮೆಂಟಿಗೆ ಹೋಗಿ ಬರೋ ಹೊತ್ತಿಗೆ ಈ ಹುಡುಗೀರು ಅಜ್ಜಿ ಆಗಿರ್ತಾರೆ, ನನಗೆ ಆ ಫೈಲುಗಳ ನಡಿಗೆ ಗೊತ್ತು. ಒಂದು ಕೆಲ್ಸ ಮಾತ್ರ ನಾಳೆ ಬೆಳಗ್ಗೆನೇ ಆಗುತ್ತೆ, ಒಂದು ರೂಪಾಯಿ ಖರ್ಚಿಲ್ಲ. ಸರ್ಕಾರಿದಾಗ್ಲಿ ಪ್ರೈವೇಟಾಗ್ಲಿ ಹೆರಿಗೆ ರಿಜಿಸ್ಟರಲ್ಲಿ ಮಗೂನ ಕೈಯಲ್ಲಿ ಹಿಡಿದೋಳ ಹೆಸರು, ಅವಳ ರಿಜಿಸ್ಟ್ರೇಷನ್ ನಂಬರು ಬರೀಬೇಕು ಅಂತ ಒಂದು ಸುತ್ತೋಲೆ ಹೊರಡಿಸಿ. ಹೆರಿಗೆ ಕೈ ಮೀರಿ ಏನಾದ್ರೂ ಆದ್ರೆ ಯಾರ ಹೆಸರು ಬರುತ್ತೆ ಅಂತ ಎಲ್ಲರಿಗೂ ಗೊತ್ತು, ಆವಾಗ 'ಡ್ಯೂಟಿ ಸ್ಟಾಫ್' ಅಂತ ಇರಲ್ಲ, ಪೂರ್ತಿ ಹೆಸರು, ತಂದೆ ಹೆಸರು, ಊರು ಎಲ್ಲ ಇರುತ್ತೆ, ನೋಟಿಸು ಮನೆ ಬಾಗಿಲಿಗೆ ಬರುತ್ತೆ. ಸುಸೂತ್ರವಾದಾಗಲೂ ಆ ಹೆಸರು ಇರ್ಲಿ ಅಂತ ಕೇಳ್ತಿದೀನಿ.

ನಮ್ಮ ಹುಡುಗಿ ಈಗ ಭಾನುವಾರ ಭಾನುವಾರ ಜರ್ಮನ್ ಭಾಷೆ ಕ್ಲಾಸಿಗೆ ಹೋಗ್ತಿದ್ದಾಳೆ. ವೃದ್ಧಾಶ್ರಮದಲ್ಲಿ ಕೆಲ್ಸ ಅಂತೆ, ಅಲ್ಲಿನ ಮುದುಕರನ್ನ ನೋಡ್ಕೊಳ್ಳೋದು. 'ಹೆರಿಗೆ ಕೆಲ್ಸ ಬಿಟ್ಬಿಡ್ತೀಯೇನೇ' ಅಂದೆ. 'ಅದು ಯಾವತ್ತು ನನ್ನ ಕೆಲ್ಸ ಅಂತ ಬರ್ಕೊಟ್ಟಿದ್ರು ದೊಡ್ಡಮ್ಮ' ಅಂದ್ಲು.

ಪತ್ರ ಹಾಕೋದಾದ್ರೆ ದಯವಿಟ್ಟು ನನ್ನ ಹೆಸರು ಊರು ಹಾಕ್ಬೇಡಿ, ಯಾರು ಅಂತ ಬೇಗ ಹಿಡೀತಾರೆ. ಬಾಂಡು ಮುಗಿಯಕ್ಕೆ ಇನ್ನೂ ಏಳು ತಿಂಗಳಿದೆ, ಅವಳ ಮಾರ್ಕ್ಸ್ ಕಾರ್ಡು ಅವರ ಬೀರುವಲ್ಲೇ ಇದೆ.

ಇಂತಿ,
ಒಬ್ಬ ನಿವೃತ್ತ ಎಲ್‌ಎಚ್‌ವಿ
ತುಮಕೂರು ಜಿಲ್ಲೆ